ಎಡಗಡೆಯ ಪರದೆ

ಜಪ್ಪಯ್ಯ ಅಂದರೂ ಕಚೇರಿಯ ನಕ್ಷೆ ಎಡಗಡೆಯ ಪರದೆಗೆ ಬರಲೊಲ್ಲದು. ಬಲಗಡೆಯದರಲ್ಲಿ ದೂರದ ಕಚೇರಿಯ ಕಂಪ್ಯೂಟರ್ ತೆರೆದುಕೊಂಡಿತ್ತು. ಎಡಗಡೆಯದು ಮನೆಯ ಕಂಪ್ಯೂಟರಿನ ನೀಲಿ ಹಿನ್ನೆಲೆ ತೋರಿಸುತ್ತಾ, ತನಗೂ ಈ ಸಂಸಾರಕ್ಕೂ ಸಂಬಂಧವೇ ಇಲ್ಲವೆಂಬಂತೆ ಕೂತಿತ್ತು.

ಅವಳು ನೀರಿನ ಕೊಳವೆಗಳ ನಕ್ಷೆ ತಿದ್ದುವವಳು. ಹಳೆಯ ನಕ್ಷೆ, ಹೊಸ ನಕ್ಷೆ ಎರಡನ್ನೂ ಅಕ್ಕಪಕ್ಕ ಇಟ್ಟು ಗೆರೆಗೆ ಗೆರೆ ತಾಳೆ ನೋಡದಿದ್ದರೆ, ರಸ್ತೆ ಅಗೆಯುವವರು ಎಲ್ಲೋ ಗುದ್ದಲಿ ಹಾಕುತ್ತಾರೆ. ತನ್ನನ್ನು ಸಾಕಿ ಬೆಳೆಸಿದ ಚಿಕ್ಕಮ್ಮ ಸೊಂಟ ಮುರಿದುಕೊಂಡು ಮಲಗಿದ ಮೇಲೆ, ಮನೆಯಿಂದಲೇ ಕೆಲಸ ಮಾಡುತ್ತೇನೆಂದು ಮೇಲಧಿಕಾರಿಯನ್ನು ಕಾಡಿ ಬೇಡಿ ಒಪ್ಪಿಸಿದ್ದಳು. ಇವತ್ತು ಹನ್ನೊಂದಕ್ಕೆ ಅವರು ಅವಳ ಕೆಲಸವನ್ನು ಅಲ್ಲಿಂದಲೇ ಕಣ್ಣಾರೆ ನೋಡುವವರಿದ್ದರು. ಎಡವಿದರೆ ಸೋಮವಾರದಿಂದ ಅವಳು ಕಚೇರಿಗೆ, ಚಿಕ್ಕಮ್ಮ ಆರೈಕೆ ಮನೆಗೆ. ಚಿಕ್ಕಮ್ಮ ನಿನ್ನೆಯೇ, ದಿನಕ್ಕೊಮ್ಮೆ ಬಂದುಹೋಗುವ ದಾದಿಯ ಕೈಲಿ ಚೀಲ ತುಂಬಿಸಿ ಮಂಚದ ಕೆಳಗೆ ಇಡಿಸಿಕೊಂಡಿದ್ದಳು.

ಗಂಟೆ ಹತ್ತೂಕಾಲು. ಕಚೇರಿಯ ಕಂಪ್ಯೂಟರ್ ರಿಪೇರಿಯವನು ಫೋನಿನಲ್ಲಿದ್ದ. ಒಳಗೆ ಹೋದ ಮೇಲೆ ತಿಣುಕಾಡಿ ಫಲವಿಲ್ಲ, ಸಂಪರ್ಕಕ್ಕೆ ಮುಂಚೆಯೇ ‘ಎಲ್ಲ ಪರದೆಗಳನ್ನೂ ಬಳಸು’ ಎಂಬಲ್ಲಿ ಗುರುತು ಹಾಕಬೇಕು ಎಂದ. ಹತ್ತು ಸಲ ಹಾಕಿದ್ದೇನೆ ಎಂದಳು. ಕೇಬಲ್ ಕೀಳಿಸಿದ, ಮತ್ತೆ ಹಾಕಿಸಿದ. ಪುಣ್ಯಾತ್ಮ, ಒಮ್ಮೆಯೂ ರೇಗಲಿಲ್ಲ, ಆದರೆ ಎಡಗಡೆಯ ಪರದೆ ನೀಲಿಯಾಗಿಯೇ ಉಳಿಯಿತು.

ಚಿಕ್ಕಮ್ಮ ಬೆಳಗಿನಿಂದ ಪತ್ರಿಕೆಯ ಒಂದೇ ಪುಟ ಹಿಡಿದುಕೊಂಡು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತವಳಿಗೆ ಕಂಡವರ ಮಾತಿಗೆ ಕಿವಿಗೊಡುವುದನ್ನು ಯಾರೂ ಕಲಿಸಬೇಕಿರಲಿಲ್ಲ.

“ಸಂಜೆ ಕೆಲಸ ಮುಗಿದ್ಮೇಲೆ ಹೇಗೆ ಆಚೆ ಬರ್ತೀಯ?” ಎಂದಳು.

“ಮೂಲೆಯಲ್ಲಿರೋ ಇಂಟು ಗುರುತು ಒತ್ತಿ ಎದ್ದುಬಿಡ್ತೀನಿ.”

“ಹಾಗಾದ್ರೆ ಲೈನ್ ಕಟ್ಟೇ ಆಗಿಲ್ಲ. ರಿಸೀವರ್ ಪಕ್ಕಕ್ಕಿಟ್ಟು ಬರ್ತಿದ್ದೀಯ. ಅಲ್ಲಿ ಹಳೇ ಕರೆ ಇನ್ನೂ ಕೂತಿದೆ.”

ಫೋನಿನಲ್ಲಿದ್ದವನು ಹಣೆ ಚಚ್ಚಿಕೊಂಡದ್ದು ಇಲ್ಲಿಗೇ ಕೇಳಿಸಿತು. ಅವರ ಕಚೇರಿಯಲ್ಲಿ ಯಾರೂ ಲಾಗೌಟ್ ಮಾಡುತ್ತಿರಲಿಲ್ಲ. ಹಳೆಯ ಯಂತ್ರಗಳು ಎದ್ದೇಳಲು ಅರ್ಧ ಗಂಟೆ ತಿನ್ನುತ್ತಿದ್ದ ಕಾಲದ ರೂಢಿ ಅದು. ಯಂತ್ರಗಳು ಹೋದವು, ರೂಢಿ ಉಳಿಯಿತು. ಮೊದಲ ದಿನ ಅವಳು ಮನೆಯಿಂದ ಒಂದೇ ಪರದೆಯಲ್ಲಿ ಹೊಕ್ಕದ್ದನ್ನೇ ಕಚೇರಿಯ ಕಂಪ್ಯೂಟರ್ ಹಿಡಿದು, ಹೊಸ ಗುರುತನ್ನು ಲೆಕ್ಕಿಸದೆ ಕೂತಿತ್ತು.

ಲಾಗೌಟ್ ಒತ್ತಿದರೆ, ಒಂದು ನಕ್ಷೆ ಉಳಿಸಿಲ್ಲವೆಂದು ತಡೆಯಿತು. ಆ ನಕ್ಷೆಯೋ ಎಲ್ಲೂ ಕಾಣದು. ಕಚೇರಿಯ ಮೇಜಿನ ಮೂರನೇ ಪರದೆಯನ್ನು ನೆನಪಿಟ್ಟುಕೊಂಡು, ಇಲ್ಲಿ ಇಲ್ಲದ ಜಾಗಕ್ಕೆ ಹೋಗಿ ನಿಂತಿತ್ತು. ಅದರಲ್ಲಿ ಅವಳು ಕಚೇರಿಯಲ್ಲಿ ಕೂತು ಮಾಡಿದ ಕೊನೆಯ ಮೂರು ದಿನದ ತಿದ್ದುಪಡಿ. ಬಲವಂತವಾಗಿ ಹೊರಬಂದರೆ ಎಲ್ಲ ನೀರುಪಾಲು. ನಕ್ಷೆಯ ವಿಂಡೋ ಸರಿಸುವ ಆಜ್ಞೆ ಕೊಟ್ಟು ಬಾಣದ ಕೀಲಿ ಒತ್ತುತ್ತಲೇ ಇರಿ ಎಂದು ಅವನು ಹೇಳಿದ. ಒತ್ತಿದಳು, ಒತ್ತಿದಳು, ಬೆರಳು ನೋಯುವ ಹೊತ್ತಿಗೆ ನಕ್ಷೆಯ ಒಂದು ಮೂಲೆ ಅಂಚಿನಿಂದ ಇಣುಕಿತು. ಹೋದ ಜೀವ ಬಂದಂತಾಯಿತು.

ನಕ್ಷೆ ಉಳಿಸಿದಳು. ಪೂರ್ತಿ ಹೊರಬಂದು, ಗುರುತು ಹಾಕಿ, ಮತ್ತೆ ಒಳಹೊಕ್ಕಳು. ಎರಡೂ ಪರದೆ ತುಂಬಿದವು. ಹನ್ನೊಂದಕ್ಕೆ ಮೇಲಧಿಕಾರಿ ಹತ್ತು ನಿಮಿಷ ನೋಡಿ, ಒಂದು ಕೊಳವೆಯ ವಾಲ್ವಿನ ಬಗ್ಗೆ ಕೇಳಿ, ಸೋಮವಾರದಿಂದಲೂ ಹೀಗೇ ಮಾಡಿ ಎಂದರು.

ಅವಳು ಮಂಚದ ಕಡೆ ತಿರುಗಿದಳು. ಚಿಕ್ಕಮ್ಮ ಪತ್ರಿಕೆ ಮಡಿಚಿ ಪಕ್ಕಕ್ಕಿಟ್ಟಿದ್ದಳು.

“ಆ ಚೀಲ ಬಿಚ್ಚು,” ಎಂದಳು. “ಕನ್ನಡಕ ಅದರಲ್ಲೇ ಇದೆ. ನಿನ್ನೆಯಿಂದ ಒಂದಕ್ಷರ ಕಂಡಿಲ್ಲ.”