ಮರಗಮ್ಮ ಕಲಸಿದ ಮಸಾರಿ

ರಾಯಚೂರು ಕಡೆಯಿಂದ ಬಂದ ಮರಗಮ್ಮನಿಗೆ ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ಹಿಡಿಸದೆ ಹೋದದ್ದು ಅಲ್ಲಿನ ಮಣ್ಣೊಂದೇ. ಮಳೆ ಬಿದ್ದರೆ ಚಪ್ಪಲಿ ನುಂಗುವ ಜಿಗುಟು, ಬಿಸಿಲು ಬಿದ್ದರೆ ಹಾರೆಗೂ ಜಗ್ಗದ ಗಟ್ಟಿ. ಎಂಐಡಿಸಿ ಕಾರ್ಖಾನೆಗಳ ಪಕ್ಕ ಏಳುತ್ತಿದ್ದ ನಾಲ್ಕು ಮಾಳಿಗೆಯ ಕಟ್ಟಡದಲ್ಲಿ ಅವಳೂ ಗಂಡ ಶಂಕ್ರೆಪ್ಪನೂ ಕೆಲಸಕ್ಕಿದ್ದರು. ಎಪ್ಪತ್ತೆಂಟರ ದಸರೆ ಮುಗಿದು ಮಳೆ ನಿಂತಾಗ ಅವರ ಶೆಡ್ಡಿನ ಹಿಂದೆ ಎರಡು ಗುಡ್ಡೆ ಬಿದ್ದಿದ್ದವು: ಒಂದು ಕೆಮ್ಮಣ್ಣು, ಇನ್ನೊಂದು ಪ್ಲಾಸ್ಟರಿಗೆ ಬಾರದೆಂದು ಬಿಟ್ಟ ಮರಳು.

"ಇವೆರಡೂ ಕಲಸಿದ್ರ ನಮ್ಮೂರ ಮಸಾರಿ ಮಣ್ಣು ಆಗ್ತದ ನೋಡು" ಎಂದಳು.

"ಹೊಲ ಬಿಟ್ಟು ಬಂದು ಹೊಲಾನ ಮಾಡ್ತೀಯೇನು?" ಎಂದು ನಕ್ಕ ಶಂಕ್ರೆಪ್ಪ, ನಗುತ್ತಲೇ ಸಲಿಕೆ ಹಿಡಿದ.

ದಿನಾ ಸಂಜೆ ಮಣ್ಣಿಗೆ ಮರಳು, ಹತ್ತಿರದ ಎಮ್ಮೆ ತಬೇಲದ ಸಗಣಿಗೊಬ್ಬರ ಬೆರೆಸಿ, ಒದ್ದೆ ಮಾಡಿ ಮುಷ್ಟಿಯಲ್ಲಿ ಹಿಸುಕಿ ನೋಡುವಳು. ಉಂಡೆ ಒಡೆಯದಿದ್ದರೆ ಇನ್ನಷ್ಟು ಮರಳು ಹಾಕುವಳು. ಉಂಡೆಯೇ ಕಟ್ಟದಿದ್ದರೆ ಇನ್ನಷ್ಟು ಮಣ್ಣು. ಐದನೆಯ ಸಂಜೆ ಕಟ್ಟಿದ ಉಂಡೆ ಹೆಬ್ಬೆರಳು ತಾಕಿಸಿದ ಕೂಡಲೇ ಹೋಳಾಯಿತು. ಬಿಂದಿಗೆ ನೀರು ಸುರಿದಳು. ಕೆಸರಾಗದೆ ಸರ್ರನೆ ಇಂಗಿತು. ಮರುದಿನವೇ ಮಣ್ಣು ಹರವಿ, ತವರಿನಿಂದ ತಂದ ಶೇಂಗಾ ಬೀಜ ಸಾಲಾಗಿ ಊರಿದಳು.

ಎದುರು ಬಿಲ್ಡಿಂಗಿನ ಹರಿಣಾಕ್ಷಿ ಉಡುಪಿಯವರು. ಗಂಡನದು ಸ್ಟೇಷನ್ ಹತ್ತಿರ ಹೋಟೆಲು. "ನಮ್ಮಲ್ಲೂ ಗದ್ದೆ ಕೊಯ್ದ ಮೇಲೆ ನೆಲಗಡಲೆ ಹಾಕ್ತಾರೆ ಮಾರಾಯ್ತಿ. ಆದರೆ ಮಣ್ಣನ್ನೇ ಅಡಿಗೆ ಮಾಡಿದವರನ್ನು ನಾನು ಕಂಡದ್ದಿಲ್ಲ" ಎಂದರು.

ಗಿಡ ಹೂಬಿಟ್ಟ ಮೇಲೆ ಒಂದು ದಿನ ಸೂಪರ್‌ವೈಸರ್ ಮೋಹನದಾಸ ಬಂದ. "ಮರಗಮ್ಮ, ಈ ಮಣ್ಣು ನಾಳೆ ಪಾಯ ತುಂಬೋಕೆ, ಪ್ಲಿಂಥ್ ಭರಾವಿಗೆ ಹೋಗ್ಬೇಕು."

ಮರಗಮ್ಮ ವಾದಕ್ಕೆ ನಿಲ್ಲದೆ, "ಇಲ್ಲಿ ಕೂಡ್ರಿ ಸಾಹೇಬ್ರ" ಎಂದು ಎಲೆ ಸರಿಸಿದಳು. ಹಳದಿ ಹೂ ಬಾಡಿದ ಕಡೆಯಿಂದ ಸೂಜಿಯಂಥ ಎಳೆಯೊಂದು ಬಾಗಿ ನೆಲ ಹೊಕ್ಕಿತ್ತು. ಬೆರಳಿನಿಂದ ಮಣ್ಣು ಕೆದರಿದಳು. ಎಳೆಯ ತುದಿಯಲ್ಲಿ ಬಿಳಿ ಮೊಗ್ಗಿನಂಥ ಎಳೆಗಾಯಿ.

"ಹೂ ಮ್ಯಾಲ, ಕಾಯಿ ಕೆಳಗ. ಇದು ಇಳಿಯಾಕ ಮಣ್ಣು ಸಡಿಲ ಇರಬೇಕ್ರಿ. ಗಟ್ಟಿ ನೆಲಕ್ಕ ಮೂತಿ ತಾಗಿದ್ರ ಅಲ್ಲೇ ಒಣಗ್ತದ."

ದಿನಾ ಸಂಜೆ ಲೋಕಲ್ ರೈಲಿನಲ್ಲಿ ಶೇಂಗಾ ಪುಡಿಕೆ ಬಿಚ್ಚುತ್ತಿದ್ದ ಮೋಹನದಾಸ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. "ನಾನು ಬೇರಿಗೆ ಕಾಯಿ ಬಿಡ್ತದೆ ಅಂದ್ಕೊಂಡಿದ್ದೆ" ಎಂದ. ಎದ್ದವನೇ ಭರಾವಿಗೆ ಬೇರೆ ಟ್ರಕ್ ಮಣ್ಣಿಗೆ ಹೇಳಿಕಳಿಸಿದ. ಮರುದಿನದಿಂದ ಸೈಟಿಗೆ ಬಂದರೆ ಮೊದಲು ಶೆಡ್ಡಿನ ಹಿಂದೆ ಹೋಗಿ ಗಿಡ ನೋಡುವುದು ಅವನಿಗೆ ರೂಢಿಯಾಯಿತು.

ಶಿವರಾತ್ರಿಗೆ ಎರಡು ದಿನವಿದ್ದಾಗ ಕೀಳುವುದೆಂದಾಯಿತು. ಮರಗಮ್ಮ ಮೊದಲ ಗಿಡದ ಬುಡ ಹಿಡಿದು ಮೆಲ್ಲನೆ ಎಳೆದಳು. ಗಟ್ಟಿ ನೆಲವಾಗಿದ್ದರೆ ಅರ್ಧ ಕಾಯಿ ಒಳಗೇ ಉಳಿಯುತ್ತಿತ್ತು. ಇದು ಇಡೀ ಗೊಂಚಲಾಗಿ ಮೇಲೆ ಬಂತು. ಎರಡು ಸಲ ಕೊಡವಿದರೆ ಮಣ್ಣೆಲ್ಲ ಉದುರಿತು. ಸೈಟಿನ ಹೆಂಗಸರೆಲ್ಲ ಸಾಲಿಗೆ ನುಗ್ಗಿದರು. ಮೋಹನದಾಸ ಬೂಟು ಬಿಚ್ಚಿಟ್ಟು ತಾನೂ ಒಂದು ಸಾಲು ಕಿತ್ತ. ಹರಿಣಾಕ್ಷಿ ಹೋಟೆಲಿನ ದೊಡ್ಡ ಹಂಡೆ ತರಿಸಿ ಉಪ್ಪು ಹಾಕಿ ಬೇಯಿಸಿದರು. ಅಂದು ಸೈಟಿನಲ್ಲಿ ಕಾಯಿ ಸುಲಿಯುವ ಸದ್ದಿಗಿಂತ ನಗುವಿನ ಸದ್ದೇ ಹೆಚ್ಚಾಗಿತ್ತು.

"ಮುಂದೇನು?" ಎಂದ ಶಂಕ್ರೆಪ್ಪ, ಬಾಯಿ ತುಂಬ ಶೇಂಗಾ ಇಟ್ಟುಕೊಂಡು.

"ಬಿಲ್ಡಿಂಗ್ ಮುಗಿಯಾಕ ಇನ್ನ ಮೂರು ತಿಂಗಳ ಅದ" ಎಂದಳು ಮರಗಮ್ಮ. "ಹೆಸರುಕಾಳು ಹಾಕಿದ್ರ ಎರಡು ತಿಂಗಳದಾಗ ಬರ್ತದ."