ಮೂರನೇ ಕೀ

ಪಾಪನಿವೇದನೆಯ ಗೂಡಿನೊಳಗೆ ಒಬ್ಬ ಮನುಷ್ಯ ಎಷ್ಟು ಹೊತ್ತು ಮೊಣಕಾಲೂರಿರಬಹುದು ಎಂಬುದು ಮನುಕುಲದ ಭವಿಷ್ಯಕ್ಕೇ ಸಂಬಂಧಿಸಿದ ಗಹನವಾದ ಪ್ರಶ್ನೆ. ಹಾಗೆಂದು ಆ ಶನಿವಾರ ಸಂಜೆ ಚರ್ಚಿನ ಗೋಡೆಗುಂಟ ಸಾಲುಗಟ್ಟಿ ನಿಂತಿದ್ದವರೆಲ್ಲ ಒಮ್ಮತದಿಂದ ತೀರ್ಮಾನಿಸಿದ್ದರು. ಒಳಗೆ ಹೋಗಿದ್ದವನು ಬೀಗದಣ್ಣ. ಪೇಟೆಯ ಮೂಲೆಯಲ್ಲಿ ಕೂತು ಬೀಗ ರಿಪೇರಿ ಮಾಡುವ, ಒಂದಕ್ಕೆ ಇನ್ನೊಂದು ಕೀ ಮಾಡಿಕೊಡುವ ಈ ಆಸಾಮಿಯ ಪಾಪಗಳು ಎಂದೂ ಒಂದು ಸೀನು ಸೀನುವಷ್ಟು ಹೊತ್ತನ್ನು ಮೀರಿದ್ದಿಲ್ಲ.

"ಕೊಲೆಗಿಲೆ ಮಾಡಿದ್ನೋ ಏನೋ," ಎಂದ ದರ್ಜಿ.

"ಅವನಾ? ಅವನ ಅಂಗಡೀಲಿ ಇಲಿಗಳು ಕೂಡ ಮುದಿಯಾಗೇ ಸಾಯ್ತವೆ," ಎಂದಳು ಸಾಲಿನ ಮುಂದೆಯೇ ನಿಂತು ಮುಂದಿನ ಸರದಿಗೆ ಕಾಯುತ್ತಿದ್ದ ಮೊದಲ ಬೆಂಚಿನಮ್ಮ. ಚರ್ಚಿನಲ್ಲಿ ಮೊದಲ ಬೆಂಚು ಬಿಟ್ಟು ಬೇರೆಡೆ ಕೂತವಳಲ್ಲ. ಹಾಗಾಗಿ ಆ ಹೆಸರು.

ಒಳಗಿದ್ದ ಬೀಗದಣ್ಣ ಆ ದನಿ ಕೇಳಿಯೇ ಬೆವರಿದ. "ಆಯಮ್ಮ ಹೊರಗೇ ನಿಂತಿದ್ದಾರೆ, ಫಾದರ್," ಎಂದು ಜಾಲರಿಗೆ ಬಾಯಿಟ್ಟು ಪಿಸುಗುಟ್ಟಿದ.

ಮೊದಲ ಬೆಂಚಿನಮ್ಮನ ಮನೆಗೆ ಈಚೆಗೆ ಕಳ್ಳ ಹೊಕ್ಕು ಚಿನ್ನವನ್ನೆಲ್ಲ ಬಳಿದುಕೊಂಡು ಹೋಗಿದ್ದ. ಬಾಗಿಲು ಒಡೆದಿರಲಿಲ್ಲ, ಹೊಸ ಕೀಯೊಂದು ಬೀಗದಲ್ಲೇ ನೇತಾಡುತ್ತಿತ್ತು. ಆ ಮನೆಗಿದ್ದ ಕೀಗಳು ಎರಡೇ, ಒಂದು ಅತ್ತೆಯಾದ ಆಕೆಯದು, ಒಂದು ಸೊಸೆಯದು. ಅತ್ತೆ ತನ್ನನ್ನು ತಾನೇ ಸಂಶಯಿಸುವ ಪೈಕಿಯಲ್ಲ. ಸೊಸೆಗೆ ಪುಂಡ ತಮ್ಮನೊಬ್ಬ ಬೇರೆ ಇದ್ದ. ಇನ್ನೇನು ಬೇಕು? ನಾಳೆ ಸೊಸೆ ತವರಿಗೆ ಹೊರಡುವುದು, ಮಗು ಇಲ್ಲೇ ಉಳಿಯುವುದು ಎಂದು ನಿಶ್ಚಯವಾಗಿತ್ತು. ಗಂಡನಾದವನು ಅಮ್ಮ ಹೇಳಿದ್ದಕ್ಕೂ ಹೆಂಡತಿ ಅತ್ತಿದ್ದಕ್ಕೂ ಒಂದೇ ಥರ ತಲೆಯಾಡಿಸಿದ್ದ.

ಕಳೆದ ಭಾನುವಾರ ಪೂಜೆ ಮುಗಿದ ಮೇಲೆ ಮೊದಲ ಬೆಂಚಿನಮ್ಮ ಆ ಮೂರನೇ ಕೀಯನ್ನು ಚರ್ಚಿನ ಅಂಗಳದಲ್ಲಿ ಎಲ್ಲರ ಕೈಗೂ ಕೊಟ್ಟು ತೋರಿಸಿದ್ದಳು. ಬೀಗದಣ್ಣನ ಕೈಗೂ ಬಂದಿತ್ತು. ಹೆತ್ತವಳು ಮಗುವನ್ನು ಗುರುತಿಸುವಂತೆ ಅವನು ತನ್ನ ಅರದ ಗೆರೆಗಳನ್ನು ಗುರುತಿಸಿದ್ದ. ಗಾಬರಿಯಲ್ಲಿ "ಒಳ್ಳೇ ಕೆಲಸ" ಎಂದು ಹೊಗಳಿ, ಪಕ್ಕದವನಿಗೆ ದಾಟಿಸಿದ್ದ.

"ಯಾರ ಮನೇದು ಅಂತ ನನಗೆ ಗೊತ್ತಿರಲಿಲ್ಲ, ಫಾದರ್. ಬಂದೋನು ಮರ್ಯಾದಸ್ಥನ ಹಾಗಿದ್ದ. ಮಾಡಿಕೊಟ್ಟೆ. ಕ್ಷಮೆ ಕೊಟ್ಟುಬಿಡಿ, ಹೋಗ್ತೀನಿ."

"ಗೊತ್ತಿಲ್ಲದೆ ಮಾಡಿದ್ದು ಪಾಪ ಅಂತ ನಿನ್ನ ತಲೆ ಮೇಲೆ ಕೂರಲ್ಲಪ್ಪ. ಇಲ್ಲದ ಪಾಪಕ್ಕೆ ಏನಂತ ಕ್ಷಮೆ ಕೊಡಲಿ? ಬಾಗಿಲೇ ಇಲ್ಲದ ಮನೆಗೆ ಬೀಗ ಕೇಳ್ತಿದ್ದೀಯಲ್ಲ."

"ಹಾಗಾದ್ರೆ ಪ್ರಭು ಶಿಲುಬೆ ಮೇಲಿಂದ ಕ್ಷಮೆ ಬೇಡಿದ್ದು ಯಾರಿಗೆ? ತಾವೇನು ಮಾಡ್ತಿದ್ದೀವಿ ಅಂತ ಗೊತ್ತಿಲ್ಲದೋರಿಗೇ ಅಲ್ವಾ? ಪಾಪವೇ ಅಲ್ಲದಿದ್ರೆ ಕ್ಷಮೆ ಯಾಕೆ ಬೇಕಿತ್ತು?"

ಗೆದ್ದೆನೆಂದುಕೊಂಡ ಬೀಗದಣ್ಣ.

"ಬೇಕಿತ್ತು," ಎಂದರು ಫಾದರ್. "ಗೊತ್ತಿಲ್ಲದೆ ಹೊಡೆದ್ರೂ ಮೊಳೆ ಇಳಿಯುತ್ತೆ, ನೋವಾಗುತ್ತೆ. ಅದಕ್ಕೆ ನಿನಗೋಸ್ಕರ ನಾನೂ ಬೇಡ್ತೀನಿ. ಆದ್ರೆ ಭಾನುವಾರ ಆ ಕೀ ನಿನ್ನ ಕೈಗೆ ಬಂತಲ್ಲ, ಆವತ್ತಿಂದ ನೀನು ಗೊತ್ತಿಲ್ಲದೋರ ಗುಂಪಲ್ಲಿಲ್ಲ. ಆ ಹುಡುಗಿ ನಾಳೆ ಹೊರಟರೆ, ಅದು ನೀನು ಗೊತ್ತಿದ್ದೂ ಮಾಡಿದ್ದು."

"ನೀವೇ ಅವರಿಗೊಂದು ಮಾತು..."

"ಇಲ್ಲಿ ಕೇಳಿದ್ದು ನನ್ನ ಜೊತೆ ಮಣ್ಣಿಗೆ ಹೋಗುತ್ತೆ. ಬಾಯಿ ನಿನಗಿದೆ."

"ಅಂಗಡಿ ಮುಚ್ಚಬೇಕಾಗುತ್ತೆ ಫಾದರ್! ಕಳ್ಳರಿಗೆ ಕೀ ಮಾಡಿಕೊಡೋನು ಅಂದ್ಮೇಲೆ ಯಾರು ಬರ್ತಾರೆ?"

ಹೊರಗೆ ದರ್ಜಿ ಅರ್ಥಗರ್ಭಿತವಾಗಿ ಕೆಮ್ಮಿದ.

ಪರದೆ ಸರಿಸಿ ಹೊರಬಂದರೆ ಮೊದಲ ಬೆಂಚಿನಮ್ಮ ಎದುರಿಗೇ. "ಏನಪ್ಪಾ, ಅಷ್ಟೊಂದು ಪಾಪ ಎಲ್ಲಿ ಕೂಡಿಹಾಕಿದ್ದೆ? ಬಾಯಿ ಬಿಡೋದು ಹೇಗೆ ಅಂತ ನನ್ನ ಸೊಸೆಗೂ ಸ್ವಲ್ಪ ಹೇಳಿಕೊಡು."

ಸಾಲು ನಕ್ಕಿತು. ಬೀಗದಣ್ಣ ಬಾಗಿಲಿನತ್ತ ನೋಡಿದ. ನಾಲ್ಕು ಹೆಜ್ಜೆ ಹಾಕಿದ್ದರೆ ಬೀದಿ.

"ಅಮ್ಮಾ, ಆ ಕೀ ಮಾಡಿದ್ದು ನಾನು."

ನಗು ಅರ್ಧಕ್ಕೇ ನಿಂತಿತು.

"ಕಳ್ಳತನಕ್ಕೆ ಅಂತ ಗೊತ್ತಿರಲಿಲ್ಲ. ಅಸಲಿ ಕೀನೇ ತಂದಿದ್ದ. ಕರೀ ದಾರದಲ್ಲಿ ಉಗುರಿನಷ್ಟು ಪುಟ್ಟ ಮರದ ಶಿಲುಬೆ ಕಟ್ಟಿತ್ತು. ಶಿಲುಬೆ ಇಟ್ಕೊಂಡೋನು, ನಮ್ಮೋನೇ ಅಂತ ನಾನೂ ಏನೂ ಕೇಳಲಿಲ್ಲ."

"ಸುಳ್ಳು," ಎಂದಳು ಆಕೆ. ಯಾರೂ ಕೇಳದಿದ್ದರೂ ಕೈಚೀಲ ತೆರೆದು ತನ್ನ ಕೀ ಹೊರತೆಗೆದಳು. ಕರೀ ದಾರ, ಮರದ ಶಿಲುಬೆ. ಸೊಸೆಯ ಕೀ ತಗಡಿನ ಬಳೆಯಲ್ಲಿರುವುದು ಆಕೆಗೆ ಚೆನ್ನಾಗಿಯೇ ಗೊತ್ತಿತ್ತು.

"ನಲ್ಲಿ ರಿಪೇರಿಯೋನು," ಎಂದಳು ಶಿಲುಬೆಯನ್ನೇ ನೋಡುತ್ತ. "ಪೂಜೆಗೆ ತಡವಾಗಿತ್ತು. ಕೀ ಅವನ ಕೈಗೆ ಕೊಟ್ಟು ಬಂದಿದ್ದೆ. ವಾಪಸ್ ಕೊಟ್ಟನಲ್ಲ... 'ನನಗೋಸ್ಕರಾನೂ ಒಂದು ಪ್ರಾರ್ಥನೆ ಮಾಡಿಯಮ್ಮಾ' ಅಂದಿದ್ದ."

ಆಕೆ ಕೀಯನ್ನು ಮತ್ತೆ ಚೀಲಕ್ಕೆ ಹಾಕಿದಳು.

"ಮಾಡಿದೆ ಕೂಡ," ಎಂದಳು.

ಸರದಿ ಆಕೆಯದೇ ಆಗಿತ್ತು. ಆದರೆ ಗೂಡಿನ ಕಡೆ ತಿರುಗಲಿಲ್ಲ. "ನಡಿ, ಅವಳ ಮುಂದೆ ಹೇಳು," ಎಂದು ಬೀಗದಣ್ಣನನ್ನು ಹೊರಡಿಸಿದಳು. ಆಕೆ ಮುಂದೆ, ಅವನು ಹಿಂದೆ, ಇಬ್ಬರೂ ಆಕೆಯ ಮನೆಗೆ ನಡೆದರು.

ನಡುಮನೆಯಲ್ಲಿ ಪಟ್ಟಿ ಬಿಗಿದ ಪೆಟ್ಟಿಗೆಯೊಂದು ಬಾಗಿಲಿಗೆ ಮುಖ ಮಾಡಿ ಕೂತಿತ್ತು. ಸೊಸೆ ನೆಲದ ಮೇಲೆ ಕೂತು, ಇಲ್ಲೇ ಉಳಿಯಬೇಕಾದ ಮಗುವಿನ ಬಟ್ಟೆಗಳನ್ನು ಮಡಚುತ್ತಿದ್ದಳು. ಬೀಗದಣ್ಣ ನಿಂತಲ್ಲೇ ಎಲ್ಲ ಹೇಳಿದ. ಅವಳು ಮಡಚುವುದನ್ನು ನಿಲ್ಲಿಸಲಿಲ್ಲ.

"ನನಗೆ ಗೊತ್ತಿರಲಿಲ್ಲ ಕಣೇ," ಎಂದಳು ಅತ್ತೆ. ದನಿಯಲ್ಲಿ ಮೊದಲ ಬೆಂಚು ಇರಲಿಲ್ಲ. "ಗೊತ್ತಿಲ್ಲದೆ ಆಗಿಹೋಯ್ತು."

"ನನಗೂ ಗೊತ್ತಿರಲಿಲ್ಲಮ್ಮ," ಎಂದು ಬೀಗದಣ್ಣನೂ ಸಂದು ನೋಡಿ ಸೇರಿಸಿದ.

ಸೊಸೆ ತಲೆಯೆತ್ತಿ ಒಬ್ಬರಾದ ಮೇಲೆ ಒಬ್ಬರನ್ನು ನೋಡಿದಳು. "ಗೊತ್ತಿಲ್ಲ ಅಂದ್ಮೇಲೆ ಕೇಳಬಹುದಿತ್ತಲ್ಲ."

ಕೇಳಬಹುದಿತ್ತು. ಅರ ಉಜ್ಜುವಷ್ಟು ಹೊತ್ತೂ ಆ ನಲ್ಲಿ ರಿಪೇರಿಯೋನು ಬೀಗದಣ್ಣನ ಅಂಗಡಿಯ ಮುಂದೆಯೇ ನಿಂತಿದ್ದ. ಇಬ್ಬರೂ ಸೆಕೆಯ ಬಗ್ಗೆ ಸೊಗಸಾಗಿ ಮಾತಾಡಿದ್ದರು.

ಮೊದಲ ಬೆಂಚಿನಮ್ಮ ಗೋಡೆ ಹಿಡಿದು ಮೆಲ್ಲಗೆ ನೆಲದ ಮೇಲೆ ಕೂತು, ಪೆಟ್ಟಿಗೆಯನ್ನು ತನ್ನತ್ತ ಎಳೆದುಕೊಂಡು ಅದರ ಪಟ್ಟಿ ಬಿಚ್ಚತೊಡಗಿದಳು. ಕೊಂಡಿ ಜಗ್ಗಲಿಲ್ಲ. ಬೀಗದಣ್ಣನ ಕೈ ತಾನಾಗಿ ಮುಂದೆ ಬಂತು. ಆಕೆ ಅದನ್ನು ಪಕ್ಕಕ್ಕೆ ಸರಿಸಿದಳು. ಸೊಸೆ ಸುಮ್ಮನೆ ನೋಡುತ್ತ ಕೂತಳು, ಸಹಾಯಕ್ಕೆ ಬರಲಿಲ್ಲ. ಕೊನೆಗೊಮ್ಮೆ ಕೊಂಡಿ ಬಿಟ್ಟುಕೊಂಡಿತು.

ಸೊಸೆ ಮನೆಯಲ್ಲೇ ಉಳಿದಳು. ಆ ವಾರ ಬಾಗಿಲಿನ ಬೀಗ ಬದಲಾಯಿಸಿದರು. ಕೆಲಸ ಇನ್ನೊಬ್ಬನಿಗೆ ಹೋಯಿತು.