ಒಂಬತ್ತನೆಯ ವಿಮಾನದ ದಿನಚರಿ

ವಿಮಾನ ಅಂದರೆ ಹಾರುವುದು ಅಂದುಕೊಂಡವರು ಆ ಕಾರ್ಖಾನೆಯ ಹಿಂದಿನ ಬಯಲಿಗೆ ಒಮ್ಮೆ ಬರಬೇಕಿತ್ತು. ಒಂದೊಂದೂ ಮುನ್ನೂರು ಜನ ಕೂರುವಷ್ಟು ದೊಡ್ಡದಾದ ಒಂಬತ್ತು ವಿಮಾನಗಳು ಅಲ್ಲಿ ಸಾಲಾಗಿ ಸುಮ್ಮನೆ ನಿಂತಿದ್ದವು. ರೆಕ್ಕೆ ಇದೆ, ಎಂಜಿನ್ ಇದೆ, ಬಾಲ ಇದೆ, ಒಳಗೆ ಸೀಟು ಮಾತ್ರ ಇಲ್ಲ. ಕೊಳ್ಳುವ ಕಂಪನಿಗಳು ಹತ್ತು ವರ್ಷಕ್ಕಾಗುವಷ್ಟು ಆರ್ಡರ್ ಕೊಟ್ಟು ಕೂತಿದ್ದವು. ಕಾರ್ಖಾನೆಯವರು ತಿಂಗಳಿಗೆ ಐದು ಕಟ್ಟುತ್ತಿದ್ದದ್ದನ್ನು ಏಳು ಮಾಡುತ್ತೇವೆ ಅಂತ ಡಂಗುರ ಹೊಡೆಯುತ್ತಿದ್ದರು. ಅತ್ತ ಸೀಟು ಮಾಡುವ ಕಡೆ ಕೈ ಸಾಲದೆ, ಕಟ್ಟಿದ್ದರಲ್ಲಿ ಕೆಲವು ಬಯಲಿಗೆ ಬಂದು ನಿಲ್ಲುತ್ತಿದ್ದವು. ಕಚೇರಿಯ ಹಲಗೆಯ ಮೇಲೆ ಏಳು ಅಂತ ಬರೆಯೋದಕ್ಕೆ ಏನು ಕಷ್ಟ ಹೇಳಿ, ಸೀಮೆಸುಣ್ಣ ಇದ್ದರಾಯಿತು!

ನಿಂತ ವಿಮಾನವನ್ನು ಹಾಗೇ ಬಿಡುವ ಹಾಗಿಲ್ಲ. ಒಂದೊಂದಕ್ಕೂ ಒಬ್ಬೊಬ್ಬರು ಕಾವಲು. ಒಂಬತ್ತನೆಯದನ್ನು ನೋಡಿಕೊಳ್ಳುತ್ತಿದ್ದವಳು ಐವತ್ತು ದಾಟಿದ ಹೆಂಗಸು. ಬೆಳಿಗ್ಗೆ ಬಂದವಳೇ ಎಂಟು ಬಾಗಿಲನ್ನೂ ತೆರೆದು ಗಾಳಿಯಾಡಿಸುತ್ತಿದ್ದಳಾದ್ದರಿಂದ ಎಲ್ಲರ ಬಾಯಲ್ಲೂ ಅವಳು ಬಾಗಿಲಕ್ಕ. ಒಳಗೆ ತೇವ ಹೀರುವ ಚೀಲಗಳನ್ನು ಅಲ್ಲಲ್ಲಿ ಇಟ್ಟು, ಪಕ್ಕದಲ್ಲಿ ಒಂದು ಚೀಟಿ ಅಂಟಿಸಿರುತ್ತಿದ್ದರು. ಚೀಟಿ ನೀಲಿ ಇದ್ದರೆ ಒಣಗಿದೆ ಅಂತ, ಗುಲಾಬಿಗೆ ತಿರುಗಿದರೆ ತೇವ ಹೊಕ್ಕಿದೆ ಅಂತ. ಅದನ್ನು ನೋಡಿ ದಪ್ಪ ದಿನಚರಿಯಲ್ಲಿ ಬರೆಯಬೇಕು, ದಿನಕ್ಕೊಂದು ಪುಟ. "ನೀಲಿ. ಸರಿ ಇದೆ." ಎರಡು ವರ್ಷ ಹೆಚ್ಚುಕಡಿಮೆ ಇಷ್ಟೇ ಬರೆದಳು.

ಮಿಕ್ಕ ಹೊತ್ತೆಲ್ಲ ಅವಳದು. ಚಪ್ಪಲಿ ಬಿಟ್ಟು, ಉದ್ದಕ್ಕೆ ಖಾಲಿ ಬಿದ್ದಿದ್ದ ಒಳಗೆಲ್ಲ ಓಡಾಡುತ್ತಿದ್ದಳು. ಕಿಟಕಿಗೊಂದರಂತೆ ಬಿಸಿಲಿನ ತುಂಡುಗಳು ನೆಲದ ಮೇಲೆ ಬಿದ್ದಿರುತ್ತಿದ್ದವು, ಮಧ್ಯಾಹ್ನದ ತನಕ ಮೆಲ್ಲಗೆ ಸರಿಯುತ್ತಿದ್ದವು. ಗಾಳಿ ಬೀಸಿದರೆ ಇಡೀ ವಿಮಾನ ಗುಂಯ್ ಅನ್ನುತ್ತಿತ್ತು. ಆಗ ಅವಳು ನೆಲಕ್ಕೆ ಒರಗಿ ಕಣ್ಣು ಮುಚ್ಚುತ್ತಿದ್ದಳು. ವಿಮಾನ ಮೋಡದ ಮೇಲಿದೆ, ಸುತ್ತ ಜನ ಮಲಗಿದ್ದಾರೆ, ಹಿಂದೆಲ್ಲೋ ಒಂದು ಮಗು ರಾಗ ಎಳೆಯುತ್ತಿದೆ, ಅದರಮ್ಮ ತಟ್ಟುತ್ತಿದ್ದಾಳೆ. ಹೀಗೆ ಎಷ್ಟು ಹೊತ್ತು ಹೋಗುತ್ತಿತ್ತೋ ಅವಳಿಗೇ ತಿಳಿಯುತ್ತಿರಲಿಲ್ಲ.

ಮಗಳು ಊರಿನ ಸೀಟಿನ ಕಾರ್ಖಾನೆಯಲ್ಲಿ ಕವರು ಹೊಲಿಯುತ್ತಿದ್ದಳು. ಊಟಕ್ಕೆ ಕೂತರೆ ಇಬ್ಬರದೂ ಒಂದೇ ಜಗಳ.

"ನಿನ್ನ ಸೀಟಿಗೆ ಕಾದೂ ಕಾದೂ ನನ್ನ ವಿಮಾನ ಬೇರು ಬಿಡ್ತಾ ಇದೆ ಕಣೆ."

"ನಿಮ್ಮೋರು ಹಲಗೆ ಮೇಲೆ ಒಂದು ಜಾಸ್ತಿ ಬರೆದ್ರೆ ನಮಗೆ ಮುನ್ನೂರು ಹೊಲಿಗೆ ಜಾಸ್ತಿ. ನನಗೇನು ಹತ್ತು ಕೈಯಿದ್ಯಾ? ಸುಮ್ನೆ ಉಣ್ಣಮ್ಮ."

ಒಂದೊಂದಾಗಿ ಸೀಟು ಬಂತು, ಒಂದೊಂದಾಗಿ ಎಂಟು ವಿಮಾನ ಹಾರಿಹೋದವು. ಒಂಬತ್ತನೆಯದರ ಗತಿ ಬೇರೆಯಾಯಿತು. ಅದನ್ನು ಕೊಳ್ಳಬೇಕಿದ್ದ ಕಂಪನಿ ಬಾಗಿಲು ಹಾಕಿತು. ಬಾಲಕ್ಕೆ ಯಾರ ಬಣ್ಣವೂ ಇಲ್ಲದೆ ಅದು ಬೋಳಾಗಿ ನಿಂತಿತು. ಇಡಿಯಾಗಿ ಯಾರೂ ಕೊಳ್ಳದಿದ್ದರೆ ಬಿಚ್ಚಿ, ಬಿಡಿಭಾಗ ಮಾಡಿ, ಬೇರೆಯವಕ್ಕೆ ಹಾಕುತ್ತೇವೆ ಅಂತ ಕಚೇರಿಯಿಂದ ಮಾತು ಬಂತು. ಒಂದು ಸಲವೂ ನೆಲ ಬಿಡದ ಹೊಸ ವಿಮಾನ! ಅದು ಹಾರುವುದನ್ನು ನೋಡಬೇಕು ಅನ್ನುವುದೊಂದೇ ಬಾಗಿಲಕ್ಕನ ಆಸೆಯಾಯಿತು.

ಅಷ್ಟರಲ್ಲಿ ಒಬ್ಬ ಗಿರಾಕಿ ಸಿಕ್ಕಿದ. ಈಗ ಆರ್ಡರ್ ಕೊಟ್ಟರೆ ಏಳು ವರ್ಷ ಕಾಯಬೇಕು, ಅದಕ್ಕಿಂತ ನಿಂತದ್ದೇ ವಾಸಿ ಅಂತ ಅವನ ಲೆಕ್ಕ. ಕರಾರು ಒಂದೇ. ಪರೀಕ್ಷಕ ಬಂದು ದಿನಚರಿ ನೋಡುತ್ತಾನೆ, ಒಂದು ದಿನವೂ ತಪ್ಪಿರಬಾರದು. "ನಮ್ಮ ಬಾಗಿಲಕ್ಕ ಬಿಡ್ತಾಳಾ!" ಅಂತ ತಿಂಗಳಿಗೆ ಏಳರ ಯೋಜನೆ ಹಾಕಿದ್ದ ಸಾಹೇಬರು ಎಲ್ಲರೆದುರು ಬೆನ್ನು ತಟ್ಟಿದರು. ಅವಳು ಮುಖ ತಿರುಗಿಸಿ ಬಾಗಿಲು ಮುಚ್ಚಲು ಹೋದಳು.

ಯಾಕೆಂದರೆ ನಾಲ್ಕು ದಿನ ತಪ್ಪಿತ್ತು. ಒಂದೂವರೆ ವರ್ಷದ ಹಿಂದೆ ಮಗಳಿಗೆ ಇದ್ದಕ್ಕಿದ್ದಂತೆ, ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಬಾಗಿಲಕ್ಕ ಯಾರಿಗೂ ಹೇಳದೆ ಕೇಳದೆ ಆಸ್ಪತ್ರೆಗೆ ಓಡಿದ್ದಳು. ಮಗು ಗಾಜಿನ ಪೆಟ್ಟಿಗೆಯಲ್ಲಿ ಮೂರು ದಿನ ಉಸಿರಾಡಿತು. ನಾಲ್ಕನೆಯ ದಿನ ಇಲ್ಲವಾಯಿತು. ಕೆಲಸಕ್ಕೆ ಮರಳಿದರೆ, ಅವಳಿಲ್ಲದ್ದು ಯಾರಿಗೂ ಗೊತ್ತೇ ಆಗಿರಲಿಲ್ಲ. ತಿಂಗಳಿಗೆ ಏಳು ಕಟ್ಟುವ ಗಡಿಬಿಡಿಯಲ್ಲಿ ಎಲ್ಲರೂ ಶೆಡ್ಡಿನೊಳಗೇ ಇದ್ದರು. ಅವಳು ವಿಮಾನದ ನೆಲದ ಮೇಲೆ ಕೂತು ಆ ನಾಲ್ಕು ಪುಟವನ್ನೂ ಒಂದೇ ಗುಕ್ಕಿಗೆ ಬರೆದುಬಿಟ್ಟಿದ್ದಳು.

ಪರೀಕ್ಷಕ ಬಂದ. ಸಣ್ಣ ಆಳು, ಮೆತ್ತಗಿನ ಮಾತು. ವಿಮಾನದ ಬಾಗಿಲ ಹತ್ತಿರ ಮಡಚುವ ಕುರ್ಚಿ ಹಾಕಿಕೊಂಡು ಪುಟ ತಿರುವುತ್ತಲೇ ಹೋದ. ಬಾಗಿಲಕ್ಕ ನಿಂತೇ ಇದ್ದಳು, ಸಾಹೇಬರು ಪಕ್ಕದಲ್ಲಿದ್ದರು. ನೀಲಿ, ಸರಿ ಇದೆ. ನೀಲಿ, ಸರಿ ಇದೆ. ಒಂದು ಕಡೆ ಅವನ ಬೆರಳು ನಿಂತಿತು. ಮುಗುಳ್ನಕ್ಕು ಗಟ್ಟಿಯಾಗಿ ಓದತೊಡಗಿದ.

"'ಎಲ್ಲ ಬಾಗಿಲು ತೆರೆದೆ. ಎಡ ರೆಕ್ಕೆಯ ತುದಿಗೆ ಒಂದು ಹಕ್ಕಿ ಬಂದು ಕೂತಿತು. ಓಡಿಸಲಿಲ್ಲ.' ಮಾರನೇ ದಿನ ಕೇಳಿ. 'ಒಳಗೆ ಬೆಚ್ಚಗಿದೆ. ಮಗು ಮಲಗಿದ ಮನೆಯ ಹಾಗೆ ಸದ್ದಿಲ್ಲ.' ಅದರ ಮಾರನೇ ದಿನ, 'ಇವತ್ತೂ ನೀಲಿ. ಹೆದರುವಂಥದ್ದು ಏನೂ ಇಲ್ಲ.'"

ಅವನು ಕನ್ನಡಕ ತೆಗೆದು ಅವಳನ್ನು ನೋಡಿದ. "ಇಂಥ ಪುಸ್ತಕ ಎಷ್ಟೋ ಓದಿದೀನಮ್ಮ. ಒಂದೇ ಮಾತು, ಮುದ್ರೆ ಒತ್ತಿದ ಹಾಗೆ. ಆದ್ರೆ ಈ ಪುಟಗಳನ್ನ ಬರೆದೋರು ನಿಜವಾಗ್ಲೂ ಇಲ್ಲಿದ್ರು. ನನಗೆ ಇಷ್ಟು ಸಾಕು." ಪೆನ್ನಿನ ಮುಚ್ಚಳ ತೆಗೆದ.

ಸುಮ್ಮನಿದ್ದಿದ್ದರೆ ಆಗಿಹೋಗುತ್ತಿತ್ತು. ಮೇಲೆ ಮೋಡ, ಮುನ್ನೂರು ಜನ, ಎಲ್ಲವೂ ಆ ಪೆನ್ನಿನ ತುದಿಯಲ್ಲಿತ್ತು. ಆದರೆ ಉಳಿದ ಏಳುನೂರು ದಿನ ಅವಳು ಇದ್ದದ್ದು ಅವನ ಕಣ್ಣಿಗೆ ಬೀಳಲಿಲ್ಲ, ಇಲ್ಲದ ದಿನಗಳನ್ನೇ ನಂಬಿ ಸಹಿ ಹಾಕುತ್ತಿದ್ದಾನೆ. ಅವಳಿಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು.

"ಅದು ಸುಳ್ಳು ಸ್ವಾಮಿ," ಅಂದಳು. "ಆ ನಾಲ್ಕು ದಿನ ನಾನಿಲ್ಲಿ ಇರ್ಲಿಲ್ಲ. ಮಿಕ್ಕ ಎಲ್ಲಾ ದಿನ ಇದ್ದೆ."

ಪರೀಕ್ಷಕ ಆ ನಾಲ್ಕು ಪುಟಗಳನ್ನು ಮತ್ತೊಮ್ಮೆ ತಿರುವಿದ. ಆಮೇಲೆ ಪೆನ್ನು ಮುಚ್ಚಿದ. ನಾಲ್ಕು ದಿನ ಯಾರೂ ನೋಡಿಲ್ಲ ಅಂದರೆ ನೆಲದಡಿಗೆ ನೀರು ಇಳಿದಿದ್ದರೂ ಇಳಿದಿರಬಹುದು, ನೆಲ ಕಿತ್ತು ನೋಡಲೇಬೇಕು, ಆರು ಜನಕ್ಕೆ ನಲವತ್ತು ದಿನದ ಕೆಲಸ ಅಂದ. ಸಾಹೇಬರು ತಲೆ ತಲೆ ಚಚ್ಚಿಕೊಂಡರು. "ಆರು ಜನ ಎಲ್ಲಿಂದ ತರ್ಲಿ? ಶೆಡ್ಡಿಂದ ಒಬ್ಬನ್ನ ಎಳೆದ್ರೂ ಏಳು ಆರಾಗತ್ತೆ. ಬಾಯಿ ಮುಚ್ಕೊಂಡು ಇರೋಕಾಗ್ಲಿಲ್ವೇನಮ್ಮ ನಿನಗೆ?" ಗಿರಾಕಿ ವಾರದೊಳಗೆ ಬೇರೆ ಕಡೆ ಒಂದು ಹಳೆಯ ವಿಮಾನ ಬಾಡಿಗೆಗೆ ಹಿಡಿದ. ಒಂಬತ್ತನೆಯದನ್ನು ಬಿಚ್ಚುವುದು ಅಂತ ತೀರ್ಮಾನವಾಯಿತು. ಬಾಗಿಲಕ್ಕನ ಕೆಲಸವೇನೋ ಉಳಿಯಿತು. ಸೀಟಿಗೆ ಕಾದು ಬಯಲಿಗೆ ಬರುವ ಹೊಸ ವಿಮಾನಗಳಿಗೆ ಅವಳ ಬದಲು ಹಾಕಲು ಬೇರೆ ಜನವೇ ಇರಲಿಲ್ಲ.

ಬಿಚ್ಚಲು ಶುರುಮಾಡಿದ ದಿನ ಸಂಜೆ ಅವಳು ಮನೆಗೆ ಬಂದು ತಟ್ಟೆ ಮುಂದೆ ಕೂತಳು. ಮಗಳಿಗೆ ಯಾರ ಬಾಯಿಂದಲೋ ಎಲ್ಲ ತಿಳಿದಿತ್ತು.

"ನನ್ನಿಂದ ನಿನ್ನ ವಿಮಾನ ಹೋಯ್ತಲ್ಲಮ್ಮ."

"ನಿನ್ನಿಂದ ಯಾಕೆ ಹೋಗತ್ತೆ? ಓಡಿ ಬಂದಿದ್ದು ನಿನಗೋಸ್ಕರ. ಸುಳ್ಳು ಬರೆದಿದ್ದು ನನಗೋಸ್ಕರ."

ಆ ನಾಲ್ಕು ದಿನದ ಸುದ್ದಿಯನ್ನು ಅವರಿಬ್ಬರೂ ಒಂದೂವರೆ ವರ್ಷ ಎತ್ತಿರಲಿಲ್ಲ. ಸೀಟಿನ ಜಗಳ, ಸಾರಿಗೆ ಉಪ್ಪು ಸಾಲದ ಜಗಳ, ಅಷ್ಟರಲ್ಲೇ ದಿನ ತಳ್ಳಿದ್ದರು.

"ಏನಂತ ಬರೆದಿದ್ದೆ?" ಅಂದಳು ಮಗಳು.

ಬಾಗಿಲಕ್ಕನಿಗೆ ಎಲ್ಲ ಬಾಯಿಪಾಠವಾಗಿತ್ತು. ಹಕ್ಕಿಯನ್ನು ಹೇಳಿದಳು, ಬೆಚ್ಚಗಿದ್ದದ್ದನ್ನು ಹೇಳಿದಳು, ಹೆದರುವಂಥದ್ದು ಏನೂ ಇಲ್ಲ ಅಂದದ್ದನ್ನು ಹೇಳಿದಳು.

"ನಾಲ್ಕನೇ ದಿನ?"

"'ಬಿಸಿಲು ಚೆನ್ನಾಗಿದೆ. ಎಲ್ಲರೂ ಮನೆಗೆ ಹೋಗಬಹುದು.'"

"ಅವತ್ತು ಮಳೆ ಸುರೀತಿತ್ತಲ್ಲಮ್ಮ."

"ಹೂಂ ಕಣೆ. ಸುರೀತಿತ್ತು."

ಮಗಳು ಕೈ ತೊಳೆಯದೆ ಹಾಗೇ ಬಂದು ಅಮ್ಮನ ಭುಜಕ್ಕೆ ತಲೆಯಿಟ್ಟಳು. ಅತ್ತು ಅತ್ತು ಸಾಕಾದ ಮೇಲೆ, ಮಗುವಿಗೆ ಇಡಬೇಕು ಅಂದುಕೊಂಡಿದ್ದ ಹೆಸರನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದಳು. ಬಾಗಿಲಕ್ಕ ಅದನ್ನು ಮತ್ತೆ ಮತ್ತೆ ಹೇಳಿಸಿಕೊಂಡಳು.